ಗ್ಲುಟೆನ್ ಇಲ್ಲದ ಊಟಕ್ಕೆ ಮಲೆನಾಡಿನ ಅಡುಗೆಮನೆಯೇ ಸಾಕು

ಇನ್ನು ಮುಂದೆ ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಸೇರಿದ ಯಾವ ಆಹಾರವನ್ನೂ ಮುಟ್ಟಬಾರದೆಂದು ವೈದ್ಯರು ಹೇಳಿದ ದಿನ, ಹೆಚ್ಚಿನ ಮನೆಗಳಲ್ಲಿ ಮೊದಲು ನಡೆಯುವುದು ಮೊಬೈಲಿನಲ್ಲಿ ಗ್ಲುಟೆನ್‌ರಹಿತ ಬಿಸ್ಕತ್ತು, ಬ್ರೆಡ್ಡು, ಪಾಸ್ತಾಗಳನ್ನು ಹುಡುಕುವ ಕೆಲಸ. ಬೆಲೆ ನೋಡಿ ಗಾಬರಿಯಾಗುತ್ತದೆ, ಮಗುವಿನ ಆರೋಗ್ಯದ ಮುಂದೆ ದುಡ್ಡಿನ ಲೆಕ್ಕ ಏಕೆಂದು ತರಿಸುವುದೂ ಆಗುತ್ತದೆ. ಆದರೆ ಅಂಥ ತಿನಿಸುಗಳಲ್ಲಿ ಬಹುಪಾಲಿನವು ಮರಗೆಣಸಿನ ಪಿಷ್ಟ, ಮುಸುಕಿನ ಜೋಳದ ಪಿಷ್ಟ, ಸಕ್ಕರೆ ಮತ್ತು ಎಣ್ಣೆಯಿಂದ ಕಟ್ಟಿದವು. ಗ್ಲುಟೆನ್ ಇಲ್ಲ ಎಂಬುದನ್ನು ಬಿಟ್ಟರೆ ಅವುಗಳಲ್ಲಿ ಮೈಗೆ ಹತ್ತುವಂಥದ್ದು ಕಡಿಮೆ, ನಾರು ಇನ್ನೂ ಕಡಿಮೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಸೀಮೆಯವರು ಆ ಪೊಟ್ಟಣಗಳ ಬೆನ್ನು ಹತ್ತಬೇಕಾದ ಅಗತ್ಯವೇ ಇಲ್ಲವೆಂದು ನಾನು ಖಚಿತವಾಗಿ ನಂಬಿದ್ದೇನೆ. ನಮ್ಮ ಗದ್ದೆಗಳು ಭತ್ತದ ಗದ್ದೆಗಳು; ಈ ಮಳೆಯಲ್ಲಿ ಗೋಧಿ ಬೆಳೆಯುವುದಿಲ್ಲ. ಅಕ್ಕಿ, ಹಲಸು, ಕೆಸು, ಬಾಳೆ, ಬೇಳೆಕಾಳು, ಸೊಪ್ಪುಗಳನ್ನು ನಂಬಿ ಬೆಳೆದ ಅಡುಗೆ ಇಲ್ಲಿನದು. ಅದನ್ನು ಪೂರ್ತಿಯಾಗಿ ಬಳಸಿಕೊಂಡು, ಗೋಧಿ ಕಣ್ಣು ತಪ್ಪಿಸಿ ನುಸುಳುವ ಕೆಲವೇ ಜಾಗಗಳನ್ನು ಕಾಯುವುದು ಹೇಗೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಪಥ್ಯಕ್ಕಿಂತ ಮೊದಲು ಪರೀಕ್ಷೆ

ಗ್ಲುಟೆನ್ ಎಂದರೆ ಗೋಧಿ, ಬಾರ್ಲಿ ಎಂದು ಕರೆಯುವ ಜವೆಗೋಧಿ ಮತ್ತು ರೈ ಧಾನ್ಯಗಳಲ್ಲಿರುವ ಪ್ರೋಟೀನುಗಳ ಗುಂಪು. ಸೀಲಿಯಾಕ್ ಕಾಯಿಲೆ ಇರುವವರ ದೇಹವು ಈ ಪ್ರೋಟೀನು ಒಳಗೆ ಬಂದಾಗ ತನ್ನದೇ ಸಣ್ಣ ಕರುಳಿನ ಒಳಪದರದ ಮೇಲೆ ದಾಳಿ ಮಾಡುತ್ತದೆ. ಆಹಾರದ ಸತ್ವವನ್ನು ಹೀರಿಕೊಳ್ಳುವ ಸೂಕ್ಷ್ಮ ಕುಚ್ಚುಗಳು ಸವೆದು ಚಪ್ಪಟೆಯಾಗುತ್ತವೆ. ಭೇದಿ, ಹೊಟ್ಟೆಯುಬ್ಬರ ಎಲ್ಲರಲ್ಲೂ ಕಾಣಿಸುವುದಿಲ್ಲ. ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏರದ ರಕ್ತಹೀನತೆ, ವಯಸ್ಸಿಗೆ ತಕ್ಕಂತೆ ಬೆಳೆಯದ ಮಗು, ಬೇಗ ಸವೆಯುವ ಮೂಳೆ, ಇವುಗಳಲ್ಲಿ ಒಂದೇ ಲಕ್ಷಣವಾಗಿ ಕಾಯಿಲೆ ತೋರಿಕೊಳ್ಳಬಹುದು. ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ತೋರಿಸಿಕೊಟ್ಟವರು ನೆದರ್‌ಲ್ಯಾಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1944–45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಅಲ್ಲಿ ಬ್ರೆಡ್ಡು ಸಿಗದಾದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡದ್ದು, ಡಿಕೆ ಮೊದಲೇ ಪಟ್ಟಿದ್ದ ಅನುಮಾನವನ್ನು ಗಟ್ಟಿಮಾಡಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಅನುಮಾನ ಬಂದ ಕೂಡಲೇ ಚಪಾತಿ ಬಿಟ್ಟು, ತಿಂಗಳುಗಳ ಬಳಿಕ ಪರೀಕ್ಷೆಗೆ ಹೋದರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣಿಸದೆ ಹೋಗಬಹುದು. ರಕ್ತದಲ್ಲಿ ಟಿಟಿಜಿ ಎಂಬ ಕಿಣ್ವದ ವಿರುದ್ಧದ ಪ್ರತಿಕಾಯವನ್ನು ಅಳೆಯುವ ಪರೀಕ್ಷೆ, ಅಗತ್ಯವಿದ್ದರೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡುವ ಪರೀಕ್ಷೆ, ಇವೆರಡೂ ಗೋಧಿ ತಿನ್ನುತ್ತಿರುವಾಗಲೇ ಆಗಬೇಕು. ಕಾಯಿಲೆ ಖಚಿತವಾದರೆ ಪಥ್ಯ ಜೀವನಪೂರ್ತಿಯದು. ಒಂದು ತುಂಡು ತಿಂದರೆ ಏನಾಗುತ್ತದೆ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳು ಕೂಡ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ರಕ್ತಸಂಬಂಧದಲ್ಲಿ ಇದು ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಗೋಧಿಯ ಅಲರ್ಜಿ ಬೇರೆ ಕಾಯಿಲೆ; ಸೀಲಿಯಾಕ್ ಇಲ್ಲದೆಯೂ ಗೋಧಿ ತಿಂದರೆ ಹೊಟ್ಟೆ ಕೆಡುವವರು ಇನ್ನೊಂದು ಬಗೆ. ಯಾರಿಗೆ ಎಷ್ಟು ಕಟ್ಟುನಿಟ್ಟು ಬೇಕೆಂಬುದು ಈ ವ್ಯತ್ಯಾಸವನ್ನು ಅವಲಂಬಿಸಿರುವುದರಿಂದ ಊಹೆಯ ಮೇಲೆ ಪಥ್ಯ ಹಿಡಿಯಬಾರದು.

ನೆನೆಸಿ ರುಬ್ಬುವುದೇ ಮೊದಲ ದಾರಿ

ಗೋಧಿ ಹಿಟ್ಟು ನಾದಿದಾಗ ಎಳೆದಂತೆ ಹಿಗ್ಗುವುದು, ಹರಿಯದೆ ಹಿಡಿದುಕೊಳ್ಳುವುದು ಗ್ಲುಟೆನ್‌ನಿಂದ. ಅದಿಲ್ಲದ ಹಿಟ್ಟನ್ನು ಹಿಡಿದಿಡುವುದು ಹೇಗೆಂಬ ಪ್ರಶ್ನೆಗೆ ಪೊಟ್ಟಣದ ತಿನಿಸು ತಯಾರಿಸುವವರು ಅಂಟುಪುಡಿಗಳನ್ನು ಬೆರೆಸಿ ಉತ್ತರ ಕೊಡುತ್ತಾರೆ. ನಮ್ಮ ಅಡುಗೆಯಲ್ಲಿ ಆ ಉತ್ತರ ಬಹಳ ಹಿಂದಿನಿಂದಲೂ ಇದೆ, ಅದೂ ಒಂದಲ್ಲ.

ಮೊದಲನೆಯದು ನೆನೆಸಿ ರುಬ್ಬುವುದು. ನೀರುದೋಸೆಗೆ ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ, ಬೆರಳಿಗೆ ತರಿ ಹತ್ತದಷ್ಟು ನುಣ್ಣಗೆ ರುಬ್ಬಿ, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ, ಚೆನ್ನಾಗಿ ಕಾದ ಕಾವಲಿಯ ಮೇಲೆ ಹೊಯ್ದರೆ ಸಾಕು. ಹವ್ಯಕರ ಮನೆಗಳಲ್ಲಿ ಇದೇ ಜಾತಿಯ ತೆಳ್ಳೇವಿಗೆ ಸೌತೆಕಾಯಿ ಸೇರಿಸಿ ರುಬ್ಬುವುದುಂಟು. ಹಲಸಿನ ಕಾಲದಲ್ಲಿ ಸೌತೆಯ ಬದಲು ಹಲಸಿನ ಸೊಳೆ ಬರುತ್ತದೆ. ಉದ್ದು ಬೆರೆಸಿದ ಹಿಟ್ಟಿಗೆ ಇನ್ನೊಂದು ಗುಣವಿದೆ: ಉದ್ದಿನ ಲೋಳೆ ಹುದುಗುವಾಗ ಹುಟ್ಟುವ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಇಡ್ಲಿಯೂ, ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸುವ ಕಡುಬೂ ಗೋಧಿಯ ಹಂಗಿಲ್ಲದೆ ಹಗುರವಾಗಿ ಉಬ್ಬುತ್ತವೆ. ಪತ್ರೊಡೆಗೂ ರುಬ್ಬಿದ ಅಕ್ಕಿಯೇ ಆಧಾರ. ಕೆಸುವಿನ ಎಲೆಯ ತುರಿಕೆಗೆ ಹುಣಸೆಹುಳಿ ಕೈಬಿಡದೆ ಹಾಕಬೇಕಷ್ಟೆ.

ಎರಡನೆಯದು ಉಕ್ಕರಿಸುವುದು. ಒಂದು ಲೋಟ ಅಕ್ಕಿ ಹಿಟ್ಟಿಗೆ ಒಂದು ಲೋಟಕ್ಕಿಂತ ತುಸು ಹೆಚ್ಚು ನೀರಿಟ್ಟು, ಉಪ್ಪು ಹಾಕಿ, ನೀರು ಮರಳುವಾಗ ಹಿಟ್ಟು ಸುರಿದು, ಉರಿ ತಗ್ಗಿಸಿ ಮುಚ್ಚಿಟ್ಟರೆ ಬಿಸಿಗೆ ಅಕ್ಕಿಯ ಪಿಷ್ಟ ಅಂಟಾಗುತ್ತದೆ. ಕೈ ತಾಳುವಷ್ಟು ಬಿಸಿ ಇರುವಾಗಲೇ ಚೆನ್ನಾಗಿ ನಾದಿದರೆ ಆ ಹಿಟ್ಟು ಚಪಾತಿಯಂತೆಯೇ ತೆಳ್ಳಗೆ ಲಟ್ಟಿಸಿಕೊಳ್ಳುತ್ತದೆ ಮತ್ತು ಕೆಂಡದ ಮೇಲೆ ಉಬ್ಬುತ್ತದೆ. ನಾದುವುದರಲ್ಲಿ ಜಿಪುಣತನ ಮಾಡಿದರೆ ಅಂಚು ಸೀಳುತ್ತದೆ. ರಾಗಿಯ ಮತ್ತು ಜೋಳದ ರೊಟ್ಟಿಗೂ ಇದೇ ತತ್ವ. ಲಟ್ಟಿಸುವಾಗ ಉದುರಿಸುವ ಒಣ ಹಿಟ್ಟು ಕೂಡ ಅಕ್ಕಿಯದೇ ಆಗಿರಬೇಕು. ಅಭ್ಯಾಸಬಲದಿಂದ ಗೋಧಿ ಹಿಟ್ಟಿನ ಡಬ್ಬಿಗೆ ಕೈ ಹೋದರೆ ಅಷ್ಟು ಹೊತ್ತಿನ ಶ್ರಮ ವ್ಯರ್ಥ. ಶ್ಯಾವಿಗೆ ತಿನ್ನುವ ಆಸೆಯಾದರೆ ಅಂಗಡಿಯ ಶ್ಯಾವಿಗೆಯನ್ನು ಮರೆತು ಒರಳಿನಲ್ಲಿ ಒತ್ತುವ ಅಕ್ಕಿ ಶ್ಯಾವಿಗೆ ಮಾಡಬಹುದು. ಕಾಯಿಹಾಲಿನೊಡನೆ ಅದಕ್ಕೆ ಸಾಟಿಯಾದ ಬೆಳಗಿನ ತಿಂಡಿ ನನಗಂತೂ ಗೊತ್ತಿಲ್ಲ.

ರುಬ್ಬುವ ದಾರಿಯನ್ನು ಮೊದಲಿಗೆ ಹೇಳಿದ್ದಕ್ಕೆ ಕಾರಣವಿದೆ. ಧಾನ್ಯವನ್ನು ಇಡಿಯಾಗಿ ತಂದು, ಆರಿಸಿ, ಎರಡು ಮೂರು ನೀರಿನಲ್ಲಿ ತೊಳೆದು, ಮನೆಯ ಒರಳಿನಲ್ಲೋ ಗ್ರೈಂಡರಿನಲ್ಲೋ ರುಬ್ಬಿದಾಗ ಅದು ಹಿಟ್ಟಿನ ಗಿರಣಿಯ ಮುಖವನ್ನೇ ನೋಡುವುದಿಲ್ಲ. ಗಿರಣಿಯೇ ಗ್ಲುಟೆನ್ ಹೊಕ್ಕುವ ದೊಡ್ಡ ಬಾಗಿಲು. ಹಿಂದಿನವರು ಬೀಸಿದ ಗೋಧಿಯ ಉಳಿಕೆ ಕಲ್ಲಿನಲ್ಲೂ ಚೀಲದಲ್ಲೂ ಉಳಿದಿರುತ್ತದೆ. ಅದರ ಬೆನ್ನಿಗೆ ಬೀಸಿದ ರಾಗಿ ಎಷ್ಟೇ ಶುದ್ಧವಿದ್ದರೂ ಹಿಟ್ಟಾಗುವಷ್ಟರಲ್ಲಿ ಬೆರಕೆಯಾಗಿರುತ್ತದೆ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಗ್ಲುಟೆನ್‌ರಹಿತ ಎಂದು ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಒಂದು ಹಿಡಿ ಗೋಧಿ ಹಿಟ್ಟು ಸೇರಿದರೆ ಈ ಮಿತಿ ಎಲ್ಲಿಯ ಮಾತು. ಹೀಗಾಗಿ ಒಣ ಹಿಟ್ಟು ಬೇಕೇ ಬೇಕಾದವರಿಗೆ ಮನೆಯಲ್ಲೇ ಬೀಸುವ ಚಿಕ್ಕ ಯಂತ್ರ ಒಳ್ಳೆಯದು, ಅದರಲ್ಲಿ ಗೋಧಿಯನ್ನು ಎಂದೂ ಹಾಕಬಾರದು. ಅದು ಕೈಗೆಟುಕದಿದ್ದರೆ ಗೋಧಿ ಬೀಸದ, ಅಕ್ಕಿ ಮತ್ತು ಖಾರದ ಪುಡಿಗೆಂದೇ ಬೇರೆ ಕಲ್ಲು ಇಟ್ಟಿರುವ ಗಿರಣಿಯನ್ನು ವಿಚಾರಿಸಿ ಹುಡುಕಬೇಕು. ಮಳೆಗಾಲದಲ್ಲಿ ತೊಳೆದ ಅಕ್ಕಿ ಒಣಗುವ ಮಾತೇ ಇಲ್ಲವಾದ್ದರಿಂದ, ಬೇಸಿಗೆಯ ಬಿಸಿಲಿನಲ್ಲೇ ತೊಳೆದು ಒಣಗಿಸಿ ಬೀಸಿ, ಗಾಳಿಯಾಡದ ಡಬ್ಬಿಯಲ್ಲಿ ಇಟ್ಟುಕೊಳ್ಳುವುದು ಜಾಣತನ. ಉಳಿದಂತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರುಬ್ಬಿದ ಹಿಟ್ಟಿನ ಅಡುಗೆಯೇ ಸುಲಭ.

ಬಯಲುಸೀಮೆಯಿಂದ ಬರುವ ನವಣೆ, ಸಾಮೆ, ಊದಲು, ಹಾರಕ, ಬರಗು, ಕೊರಲೆ ಈಗ ಶಿವಮೊಗ್ಗದ ಅಂಗಡಿಗಳಲ್ಲೂ ಸಿಗುತ್ತವೆ. ಇವು ಯಾವುದರಲ್ಲೂ ಗ್ಲುಟೆನ್ ಇಲ್ಲ. ಆದರೆ ತೆರೆದ ಮೂಟೆಯ ಪಕ್ಕದಲ್ಲೇ ಗೋಧಿಯ ಮೂಟೆ ಇದ್ದು, ಎರಡಕ್ಕೂ ಒಂದೇ ಮೊಗೆ ಬಳಸುವ ಅಂಗಡಿಯಲ್ಲಿ ಕೊಳ್ಳಬಾರದು. ಮನೆಗೆ ತಂದ ಮೇಲೂ ಮೊರದಲ್ಲಿ ಕೇರಿ, ಬೆಳಕಿಗೆ ಹಿಡಿದು ಗೋಧಿಯ ಕಾಳು ಬೆರೆತಿದೆಯೇ ಎಂದು ನೋಡಿ ತೊಳೆಯಬೇಕು.

ಇಂಗು ಮತ್ತು ಇತರ ಅಡಗುತಾಣಗಳು

ಅಕ್ಕಿಯೂಟ ಮಾಡುತ್ತಿದ್ದರೂ ಗುಣವಾಗುತ್ತಿಲ್ಲ ಎನ್ನುವವರ ಮನೆಯಲ್ಲಿ ನಾನಾದರೆ ಮೊದಲು ತೆರೆದು ನೋಡುವುದು ಇಂಗಿನ ಡಬ್ಬಿಯನ್ನು. ಇಂಗು ಗಿಡದ ಬೇರಿನ ಹಾಲು. ಅದರಲ್ಲಿ ಗ್ಲುಟೆನ್ ಇಲ್ಲ. ಆದರೆ ಅಂಗಡಿಯಲ್ಲಿ ಸಿಗುವ ಪುಡಿ ಇಂಗು ಮತ್ತು ಗಟ್ಟಿ ಇಂಗು ಸಾಮಾನ್ಯವಾಗಿ ಅಚ್ಚ ಇಂಗಲ್ಲ. ತೀಕ್ಷ್ಣತೆ ತಗ್ಗಿಸಲು ಅಂಟು ಮತ್ತು ಹಿಟ್ಟು ಬೆರೆಸಿ ಮಾಡಿದ ಮಿಶ್ರಣ, ಆ ಹಿಟ್ಟು ಬಹಳ ಸಲ ಗೋಧಿಯದು ಅಥವಾ ಮೈದಾ. ಸಾರು, ಹುಳಿ, ಉಪ್ಪಿನಕಾಯಿ, ಒಗ್ಗರಣೆ, ಹಪ್ಪಳ, ಮಜ್ಜಿಗೆ, ಹೀಗೆ ದಿನದ ಪ್ರತಿ ಊಟದಲ್ಲೂ ಅದು ಚಿಟಿಕೆ ಚಿಟಿಕೆಯಾಗಿ ಹೊಟ್ಟೆ ಸೇರುತ್ತದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಮಾರುಕಟ್ಟೆಯಲ್ಲಿದೆ. ಡಬ್ಬಿಯ ಮೇಲಿನ ಘಟಕಗಳ ಪಟ್ಟಿ ಓದಿ ಕೊಳ್ಳಬೇಕು. 2020ರ ಲೇಬಲ್ ನಿಯಮಗಳ ಪ್ರಕಾರ ಗ್ಲುಟೆನ್ ಇರುವ ಧಾನ್ಯವನ್ನು ಅಲರ್ಜಿಕಾರಕವಾಗಿ ನಮೂದಿಸುವುದು ಕಡ್ಡಾಯ. ಇನ್ನೂ ಸರಳವಾದ ಉಪಾಯವೆಂದರೆ ಇಂಗನ್ನು ಬಿಟ್ಟೇಬಿಡುವುದು. ಜೀರಿಗೆ, ಕಾಳುಮೆಣಸು, ಬೆಳ್ಳುಳ್ಳಿ, ಕರಿಬೇವು, ಗಾಂಧಾರಿ ಮೆಣಸು ಇರುವ ಮಲೆನಾಡಿನಲ್ಲಿ ಒಗ್ಗರಣೆಗೆ ಬಡತನವಿಲ್ಲ. ಒಂದೆಲಗ, ದೊಡ್ಡಪತ್ರೆ, ನೆಲ್ಲಿಕಾಯಿ, ಶುಂಠಿ, ಯಾವುದರ ತಂಬುಳಿಗಾದರೂ ಜೀರಿಗೆ ಮೆಣಸಿನ ಒಗ್ಗರಣೆ ಸಾಲುತ್ತದೆ. ಸಾರಿನ ಪುಡಿಯನ್ನು ಮನೆಯಲ್ಲೇ ಹುರಿದು ಮಾಡಿಕೊಂಡರೆ ಒಳಗೇನಿದೆ ಎಂಬ ಚಿಂತೆಯೂ ಉಳಿಯುವುದಿಲ್ಲ.

ರವೆಯ ಹೆಸರುಗಳಲ್ಲಿ ಗೊಂದಲ ಸಹಜ. ಉಪ್ಪಿಟ್ಟಿನ ರವೆ, ಬನ್ಸಿ ರವೆ, ಚಿರೋಟಿ ರವೆ, ಗೋಧಿ ಕಡಿ, ಎಲ್ಲವೂ ಗೋಧಿಯೇ. ಇಡ್ಲಿ ರವೆ ಅಕ್ಕಿಯದು, ಆದರೆ ರವೆ ಇಡ್ಲಿ ಗೋಧಿಯದು. ಕೋಡುಬಳೆ, ನಿಪ್ಪಟ್ಟು ಅಕ್ಕಿ ಹಿಟ್ಟಿನವೆಂದು ಹೆಸರಾದರೂ ಗರಿಗರಿಯಾಗಲೆಂದು ಮೈದಾ ಅಥವಾ ಚಿರೋಟಿ ರವೆ ಬೆರೆಸುವುದು ಸಾಮಾನ್ಯ. ಗೋಳಿಬಜೆ ಮೈದಾದ್ದು, ಅದನ್ನು ಕರಿದ ಎಣ್ಣೆಯಲ್ಲೇ ಕರಿದ ಮೆಣಸಿನಕಾಯಿ ಬಜ್ಜಿಯೂ ವರ್ಜ್ಯ. ಮಕ್ಕಳಿಗೆ ಹಾಲಿನಲ್ಲಿ ಬೆರೆಸಿ ಕೊಡುವ ಮಾಲ್ಟ್ ಪುಡಿಗಳಲ್ಲಿ ಬಾರ್ಲಿಯ ಮಾಲ್ಟ್ ಇರುತ್ತದೆ; ಮನೆಯಲ್ಲೇ ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು ಮಾಡಿದ ಹುರಿಹಿಟ್ಟು ಅದಕ್ಕಿಂತ ಎಲ್ಲ ರೀತಿಯಲ್ಲೂ ಮೇಲು. ಸೋಯಾ ಸಾಸ್ ಹಾಕಿದ ಗೋಬಿ ಮಂಚೂರಿ ಬೇಡ. ಓಟ್ಸ್ ಬೆಳೆಯುವಾಗಲೂ ಸಾಗಿಸುವಾಗಲೂ ಗೋಧಿಯೊಡನೆ ಬೆರೆಯುವುದರಿಂದ ಅದರ ಗೊಡವೆಯೂ ನಮಗೆ ಬೇಕಿಲ್ಲ. ಕೆಲವು ಮಾತ್ರೆಗಳಲ್ಲಿನ ಪಿಷ್ಟ ಗೋಧಿಯದಾಗಿರಬಹುದಾದ್ದರಿಂದ ಔಷಧಿ ಬರೆಯಿಸಿಕೊಳ್ಳುವಾಗ ಕಾಯಿಲೆಯ ವಿಷಯ ಹೇಳಬೇಕು.

ಮನೆಯಲ್ಲಿ ಉಳಿದವರು ಚಪಾತಿ ತಿನ್ನುವವರಾದರೆ ಪಥ್ಯದವರಿಗೆ ಮಣೆ, ಲಟ್ಟಣಿಗೆ, ಜರಡಿ ಬೇರೆಯೇ ಇರಬೇಕು, ಏಕೆಂದರೆ ಮರದ ಸೀಳುಗಳಲ್ಲಿ ಮತ್ತು ಜರಡಿಯ ಕಣ್ಣುಗಳಲ್ಲಿ ಸೇರಿದ ಹಿಟ್ಟು ತೊಳೆದರೂ ಹೋಗುವುದಿಲ್ಲ. ಎಣ್ಣೆ ಕುಡಿದು ಪಳಗಿದ ಕಬ್ಬಿಣದ ಕಾವಲಿಯನ್ನೂ ಬೇರೆ ಇಡುವುದು ಒಳಿತು. ಸ್ಟೀಲಿನ ಪಾತ್ರೆಗಳನ್ನು ಚೆನ್ನಾಗಿ ತೊಳೆದು ಬಳಸಿದರೆ ತೊಂದರೆಯಿಲ್ಲ. ನನ್ನ ಅಭಿಪ್ರಾಯವನ್ನು ಕೇಳಿದರೆ, ಅಡುಗೆಮನೆಯನ್ನೇ ಪೂರ್ತಿ ಗೋಧಿಯಿಲ್ಲದ್ದನ್ನಾಗಿ ಮಾಡುವುದು ಎರಡೆರಡು ಬಗೆಯ ಪಾತ್ರೆಗಳನ್ನು ಕಾಯುವುದಕ್ಕಿಂತ ಸುಲಭ. ಮಗುವೊಂದೇ ಬೇರೆ ತಟ್ಟೆಯಲ್ಲಿ ಬೇರೆ ಊಟ ಮಾಡಬೇಕಾದ ಸಂಕಟವೂ ಅದರಿಂದ ತಪ್ಪುತ್ತದೆ.

ತಟ್ಟೆಯಲ್ಲಿ ಅನ್ನವೊಂದೇ ಉಳಿಯದಿರಲಿ

ಗೋಧಿ ಬಿಟ್ಟವರು ಮೂರು ಹೊತ್ತೂ ಬಿಳಿ ಅಕ್ಕಿಯ ಅನ್ನ, ದೋಸೆ, ಅವಲಕ್ಕಿಯಲ್ಲೇ ನಿಂತುಬಿಟ್ಟರೆ ಗ್ಲುಟೆನ್ ಹೋಗಿರುತ್ತದೆ, ಸತ್ವ ಬಂದಿರುವುದಿಲ್ಲ. ಕಾಯಿಲೆಯ ಕರುಳು ಕಬ್ಬಿಣ, ಫೋಲಿಕ್ ಆಮ್ಲ, ಕ್ಯಾಲ್ಸಿಯಂ, ಡಿ ಮತ್ತು ಬಿ12 ವಿಟಮಿನ್‌ಗಳನ್ನು ವರ್ಷಗಟ್ಟಲೆ ಸರಿಯಾಗಿ ಹೀರಿಕೊಂಡಿರುವುದಿಲ್ಲವಾದ್ದರಿಂದ ಆ ಕೊರತೆ ತುಂಬುವುದೂ ಪಥ್ಯದ ಭಾಗವೇ. ವೈದ್ಯರು ಬರೆದ ಮಾತ್ರೆಯ ಜೊತೆಗೆ ಊಟವೂ ಕೆಲಸ ಮಾಡಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ದಿನಕ್ಕೊಂದು ಹೊತ್ತು ರಾಗಿ ರೊಟ್ಟಿಯೋ ಅಂಬಲಿಯೋ ಇರಲಿ. ಬಿಳಿ ಅಕ್ಕಿಯ ಜಾಗದಲ್ಲಿ ತವುಡು ಉಳಿಸಿದ ಕೆಂಪಕ್ಕಿ ಅಥವಾ ಕುಚ್ಚಲಕ್ಕಿ ಬಂದರೆ ನಾರು ಹೆಚ್ಚುತ್ತದೆ. ಹುರುಳಿ ಕಟ್ಟಿನ ಸಾರು, ಹೆಸರುಕಾಳಿನ ಉಸಲಿ, ನುಗ್ಗೆಸೊಪ್ಪಿನ ಪಲ್ಯ, ಬಸಳೆ, ಹರಿವೆ ಇವುಗಳ ಕಬ್ಬಿಣ ಮೈಗೆ ಹತ್ತಬೇಕಾದರೆ ಊಟದಲ್ಲಿ ನಿಂಬೆಹುಳಿ ಅಥವಾ ನೆಲ್ಲಿಕಾಯಿ ಇರಬೇಕು, ಊಟದ ಬೆನ್ನಿಗೇ ಕಾಫಿ ಚಹಾ ಇರಬಾರದು. ಬಿ12ಗೆ ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು, ಮಾಂಸ. ಮೀನಿನ ಸಾರಿಗೂ ಕೋಳಿ ಸಾರಿಗೂ ಪೊಟ್ಟಣದ ಮಸಾಲೆಗಿಂತ ಮನೆಯಲ್ಲಿ ಅರೆದ ಮಸಾಲೆಯೇ ನಂಬಿಕೆಗೆ ಯೋಗ್ಯ.

ಪಥ್ಯದ ಆರಂಭದಲ್ಲಿ ಕೆಲವರಿಗೆ ಹಾಲು ಕೂಡ ಒಗ್ಗುವುದಿಲ್ಲ. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಸವೆದ ಕರುಳಿನ ಕುಚ್ಚುಗಳಲ್ಲೇ ಇರುವುದು ಇದಕ್ಕೆ ಕಾರಣ. ಕರುಳು ಮಾಯುತ್ತ ಬಂದಂತೆ ಇದು ಸಾಮಾನ್ಯವಾಗಿ ಸರಿಹೋಗುತ್ತದೆ. ಅಲ್ಲಿಯವರೆಗೆ ಮೊಸರು, ಮಜ್ಜಿಗೆ ಸಾಕು.

ನಮ್ಮಲ್ಲಿ ಋತುವಿಗೊಂದು ಸಮೃದ್ಧಿ ಇರುವುದು ಈ ಪಥ್ಯಕ್ಕೆ ದೊಡ್ಡ ಬೆಂಬಲ. ಬೇಸಿಗೆಯಲ್ಲಿ ಹಲಸಿನ ಗುಜ್ಜೆ, ಹಲಸಿನ ಹಪ್ಪಳ, ಹಣ್ಣಿನ ಕಡುಬು. ಮಳೆಗಾಲಕ್ಕೆಂದು ಉಪ್ಪುನೀರಿನಲ್ಲಿಟ್ಟ ಸೊಳೆ, ಕೂಡಿಟ್ಟ ಹಲಸಿನ ಬೀಜ, ಕಳಲೆ, ಕೆಸು. ಆಮೇಲೆ ಸುವರ್ಣಗೆಡ್ಡೆ, ಗೆಣಸು, ಬಾಳೆಕಾಯಿ, ಬಾಳೆದಿಂಡು. ಕಳಲೆಯನ್ನು ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ ಬೇಯಿಸಿಯೇ ಬಳಸಬೇಕೆಂಬುದು ಇಲ್ಲಿನವರಿಗೆ ಹೊಸದಾಗಿ ಹೇಳಬೇಕಾದ್ದಲ್ಲ.

ಸಕ್ಕರೆ ಕಾಯಿಲೆಯೂ ಜೊತೆಗಿದ್ದರೆ ಒಂದು ಇಕ್ಕಟ್ಟು ಎದುರಾಗುತ್ತದೆ. ಅನ್ನ ಬಿಟ್ಟು ಚಪಾತಿ ತಿನ್ನಿ ಎಂಬುದು ಎಲ್ಲರ ಬಾಯಲ್ಲೂ ಬರುವ ಸಲಹೆ. ಚಿಕ್ಕ ವಯಸ್ಸಿನಲ್ಲೇ ಇನ್ಸುಲಿನ್ ಬೇಕಾಗುವ ಮೊದಲ ವಿಧದ ಮಧುಮೇಹದವರಲ್ಲಿ ಸೀಲಿಯಾಕ್ ಉಳಿದವರಿಗಿಂತ ಹೆಚ್ಚಾಗಿ ಕಾಣಿಸುತ್ತದೆ. ಅಂಥವರು ಚಪಾತಿಯ ಜಾಗಕ್ಕೆ ಜೋಳದ ರೊಟ್ಟಿ, ನವಣೆ ಅನ್ನ, ಕಾಳಿನ ಪಲ್ಯಗಳನ್ನು ತಂದುಕೊಂಡು, ಪ್ರಮಾಣವನ್ನು ವೈದ್ಯರೊಡನೆ ಕುಳಿತು ನಿಗದಿ ಮಾಡಿಕೊಳ್ಳಬೇಕು.

ಹಬ್ಬ, ವ್ರತ, ಮದುವೆ ಮನೆ

ಶನಿವಾರದ ಒಪ್ಪೊತ್ತು ಮತ್ತು ಏಕಾದಶಿಯ ಫಲಾಹಾರವೆಂದರೆ ಅನೇಕ ಮನೆಗಳಲ್ಲಿ ಅನ್ನದ ಬದಲು ಚಪಾತಿ, ಉಪ್ಪಿಟ್ಟು. ಪಥ್ಯದವರು ವ್ರತ ಬಿಡಬೇಕಿಲ್ಲ. ಸಬ್ಬಕ್ಕಿ, ಗೆಣಸು, ಬಾಳೆಹಣ್ಣು, ಹಾಲು, ಶೇಂಗಾ ಇವೆ. ಸತ್ಯನಾರಾಯಣ ಪೂಜೆಯ ಸಪಾದ ಗೋಧಿ ರವೆಯದು. ಪ್ರಸಾದವನ್ನು ಬೇಡವೆನ್ನಲು ಮನಸ್ಸು ಒಪ್ಪದ ಹಿರಿಯರಿಗೆ ನಾನು ಹೇಳುವುದಿಷ್ಟೇ: ಅದೇ ಪೂಜೆಯ ಬಾಳೆಹಣ್ಣೂ ಪ್ರಸಾದವೇ, ಪಂಚಕಜ್ಜಾಯವೂ ಪ್ರಸಾದವೇ. ಚೌತಿಗೆ ಮೈದಾದ ಕರಿಗಡುಬಿನ ಬದಲು ಅಕ್ಕಿ ಹಿಟ್ಟಿನ ಕಣಕದಲ್ಲಿ ಕಾಯಿಬೆಲ್ಲದ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ಕಡುಬು ಮಾಡಬಹುದು. ದೀಪಾವಳಿಗೆ ಸೌತೆಕಾಯಿ ಕಡುಬು, ಭೂಮಿ ಹುಣ್ಣಿಮೆಗೆ ಹತ್ತಾರು ಸೊಪ್ಪು ಬೇಯಿಸಿ ಮಾಡುವ ಹಚ್ಚಂಬಲಿ, ಸಾಗರದ ಕಡೆಯ ತೊಡೆದೇವು, ಗಸಗಸೆ ಪಾಯಸ, ಇವುಗಳ ಮೂಲ ಕ್ರಮದಲ್ಲಿ ಗೋಧಿಗೆ ಜಾಗವೇ ಇಲ್ಲ.

ಮದುವೆ ಮನೆಯಲ್ಲಿ ಪಂಕ್ತಿಗೆ ಕೂತ ಮೇಲೆ ವಿಚಾರಿಸುವುದರಿಂದ ಪ್ರಯೋಜನ ಕಡಿಮೆ. ಹಿಂದಿನ ದಿನವೇ ಅಡುಗೆಯ ಮುಖ್ಯಸ್ಥರನ್ನು ಕಂಡು, ಇಂಗು ಬೀಳುವ ಮೊದಲು ತೊವ್ವೆ ಮತ್ತು ಪಲ್ಯವನ್ನು ಒಂದು ಪಾತ್ರೆಯಲ್ಲಿ ತೆಗೆದಿರಿಸಲು ಕೇಳಿಕೊಂಡರೆ ಬೇಸರಿಸುವವರು ವಿರಳ. ಬಡಿಸುವಾಗ ಎಲೆಗೆ ಹೋಳಿಗೆ, ಚಿರೋಟಿ, ಪೂರಿ ಹಾಕದಂತೆ ಮೊದಲೇ ತಡೆಯಬೇಕು. ಹಾಕಿದ ಮೇಲೆ ಬದಿಗೆ ಸರಿಸಿದರೆ ಅದರ ಹಿಟ್ಟು ಅನ್ನಕ್ಕೆ ಹತ್ತಿರುತ್ತದೆ. ಅನ್ನ, ತೊವ್ವೆ, ತುಪ್ಪ, ಕೋಸಂಬರಿ, ಮೊಸರು, ಇಷ್ಟರಲ್ಲಿ ಹೊಟ್ಟೆ ತುಂಬುತ್ತದೆ. ಹೋಟೆಲಿನಲ್ಲಿ ರವೆ ದೋಸೆ ಹೊಯ್ದ ಕಾವಲಿಯ ಮೇಲೆಯೇ ಮಸಾಲೆ ದೋಸೆ ಹೊಯ್ಯುವುದರಿಂದ, ಇಡ್ಲಿ ಮತ್ತು ಕಾಯಿ ಚಟ್ನಿಗೆ ನಿಲ್ಲುವುದು ಕ್ಷೇಮ.

ಶಾಲೆಗೆ ಹೋಗುವ ಮಗುವಿನ ವಿಷಯದಲ್ಲಿ ತರಗತಿಯ ಶಿಕ್ಷಕರಿಗೆ ಬರೆದುಕೊಡುವುದು ಅಗತ್ಯ, ಏಕೆಂದರೆ ಹುಟ್ಟುಹಬ್ಬದ ಕೇಕು, ಬಿಸ್ಕತ್ತು ಯಾವ ದಿನ ಬರುತ್ತವೆಂದು ಮುಂಚಿತವಾಗಿ ತಿಳಿಯುವುದಿಲ್ಲ. ಎಳ್ಳುಂಡೆ, ಶೇಂಗಾ ಚಿಕ್ಕಿ, ಹುರಿಗಡಲೆ ಬೆಲ್ಲ ತುಂಬಿದ ಒಂದು ಡಬ್ಬಿ ಶಾಲೆಯಲ್ಲೇ ಇದ್ದರೆ ಉಳಿದ ಮಕ್ಕಳು ತಿನ್ನುವಾಗ ಈ ಮಗುವಿನ ಕೈ ಬರಿದಾಗಿರುವುದಿಲ್ಲ. ಹಂಚಿಕೊಳ್ಳುವಷ್ಟು ಹೆಚ್ಚಾಗಿಯೇ ಕಳುಹಿಸಿ.

ಪಥ್ಯ ಹಿಡಿದ ಕೆಲವೇ ವಾರಗಳಲ್ಲಿ ಹೊಟ್ಟೆಯ ತೊಂದರೆ ತಗ್ಗುವುದು ಸಾಮಾನ್ಯವಾದರೂ ಕರುಳಿನ ಒಳಪದರ ಪೂರ್ತಿ ಮಾಯಲು ತಿಂಗಳುಗಳು, ದೊಡ್ಡವರಲ್ಲಿ ಕೆಲವೊಮ್ಮೆ ಎರಡು ವರ್ಷಕ್ಕೂ ಹೆಚ್ಚು ಬೇಕಾಗಬಹುದು. ಹಾಗಾಗಿ ಆರಾಮವಾಗಿದೆ ಎಂದು ನಡುವೆ ಸಡಿಲಿಸಬಾರದು. ಆರು ತಿಂಗಳ ಹೊತ್ತಿಗೆ ಟಿಟಿಜಿ ಪರೀಕ್ಷೆಯನ್ನು ಮತ್ತೆ ಮಾಡಿಸಿದರೆ ಪ್ರತಿಕಾಯದ ಮಟ್ಟ ಇಳಿಮುಖವಾಗಿದೆಯೇ ಎಂಬುದು ತಿಳಿಯುತ್ತದೆ. ಇಳಿದಿಲ್ಲವೆಂದಾದರೆ ಎಲ್ಲೋ ಗೋಧಿ ಹೊಕ್ಕುತ್ತಿದೆ ಎಂದು ಮೊದಲು ಶಂಕಿಸಬೇಕು: ಇಂಗಿನ ಡಬ್ಬಿ, ಗಿರಣಿಯ ಹಿಟ್ಟು, ಕರಿಯುವ ಎಣ್ಣೆ, ಹಳೆಯ ಜರಡಿ ಮತ್ತು ಲಟ್ಟಣಿಗೆ, ದಿನನಿತ್ಯದ ಮಾತ್ರೆ, ಈ ಕ್ರಮದಲ್ಲಿ ಒಂದೊಂದನ್ನೇ ನೋಡುತ್ತ ಹೋಗಿ, ಯಾವುದೂ ಸಿಗದಿದ್ದರೆ ಒಂದು ವಾರ ತಿಂದದ್ದನ್ನೆಲ್ಲ ಕಾಗದದಲ್ಲಿ ಬರೆದುಕೊಂಡು ವೈದ್ಯರ ಬಳಿ ಹೋಗಬೇಕು.